ನನ್ನ ಹೊಗೆ, ಅವರ ತಪ್ಪು

ಮೊದಲು ಬಂದದ್ದು ಕೆಮ್ಮು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾಗುತ್ತಿತ್ತು. ಸಿಂಕಿನ ಅಂಚು ಹಿಡಿದು ಬಗ್ಗಿ ನಿಲ್ಲಬೇಕಾಗುತ್ತಿತ್ತು. ಸ್ವಲ್ಪ ಕಫ ಬಂದು, ಕಣ್ಣಲ್ಲಿ ನೀರು ಬಂದು, ನಿಲ್ಲುತ್ತಿತ್ತು. ನಾನು ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ. ಅಹಮದಾಬಾದಿನಲ್ಲಿ ಯಾರಿಗೆ ಕೆಮ್ಮಿಲ್ಲ? ಚಳಿಗಾಲದಲ್ಲಿ ಧೂಳು, ಬೇಸಿಗೆಯಲ್ಲಿ ಧೂಳು, ವಸ್ತ್ರಾಪುರದ ನಮ್ಮ ರಸ್ತೆಯಲ್ಲಂತೂ ವರ್ಷವಿಡೀ ಅಗೆತ.

ಆಮೇಲೆ ಮೆಟ್ಟಿಲು. ನವರಂಗಪುರದ ನಮ್ಮ ಆಫೀಸು ಮೂರನೆಯ ಮಹಡಿಯಲ್ಲಿದೆ. ಲಿಫ್ಟ್ ಕೆಟ್ಟಿದ್ದ ಒಂದು ದಿನ ಎರಡನೆಯ ಮಹಡಿಯಲ್ಲೇ ನಿಂತುಬಿಟ್ಟೆ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಎದೆಯೊಳಗೆ ಸಣ್ಣಗೆ ಸೀಟಿ ಊದಿದ ಹಾಗೆ ಸದ್ದು.

ಆಗ ನನಗೆ ನಲವತ್ತಮೂರು ವರ್ಷ.

ನನ್ನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದದ್ದು ಗಂಡ ವೀರೇಶ. ನಾವಿಬ್ಬರೂ ಧಾರವಾಡದ ಕಡೆಯವರು. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅವರು ವಟ್ವಾದ ಒಂದು ಡೈ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಸೂಪರ್‌ವೈಸರ್ ಆಗಿದ್ದರು. ಬಟ್ಟೆಗೆ ಹಾಕುವ ಬಣ್ಣದ ಪುಡಿ ಅಲ್ಲಿ ತಯಾರಾಗುತ್ತದೆ. ಸಂಜೆ ಮನೆಗೆ ಬಂದಾಗ ಉಗುರಿನ ಸಂದಿಯಲ್ಲಿ ಒಂದು ದಿನ ನೀಲಿ, ಇನ್ನೊಂದು ದಿನ ಕೆಂಪು. ನಮ್ಮ ಒಬ್ಬಳೇ ಮಗಳು ನೇಹಾ ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದು "ಆಜ್ ಕೌನ್ಸಾ ಕಲರ್?" ಎಂದು ಕೇಳುತ್ತಿದ್ದಳು.

ಎದೆರೋಗದ ಡಾಕ್ಟರು ವಯಸ್ಸಾದವರು, ಮೃದು ಮಾತಿನವರು. ಒಂದು ಪೈಪಿಗೆ ಬಾಯಿಟ್ಟು ಜೋರಾಗಿ ಊದಿಸುವ ಪಿಎಫ್‌ಟಿ ಟೆಸ್ಟ್ ಮಾಡಿಸಿದರು. ಎಕ್ಸ್-ರೇ ನೋಡಿದರು. ಆಮೇಲೆ ಪೆನ್ನು ಹಿಡಿದು ಕೇಸ್ ಪೇಪರಿನ ಮೇಲೆ ಒಂದೊಂದೇ ಕೇಳುತ್ತ ಬಂದರು. ಶುಗರ್? ಇಲ್ಲ. ಬಿಪಿ? ಇಲ್ಲ. ಟಿಬಿ? ಇಲ್ಲ.

"ಸ್ಮೋಕಿಂಗ್?" ಎಂದು ಕೇಳಿದ್ದು ನನ್ನನ್ನಲ್ಲ, ವೀರೇಶರನ್ನು.

"ನಾನು ಮುಟ್ಟಿದವನೇ ಅಲ್ಲ ಸಾಹೇಬ್ರ," ಎಂದರು ವೀರೇಶ ತಮ್ಮ ಹಿಂದಿಯಲ್ಲಿ.

"ಬೆನ್ ಅಂತೂ ಸೇದಲ್ಲ," ಎಂದು ಡಾಕ್ಟರು ತಾವೇ ಹೇಳಿಕೊಂಡು ನಕ್ಕರು. ಇಲ್ಲಿ ಹೆಂಗಸರನ್ನು ಬೆನ್, ಅಂದರೆ ಅಕ್ಕ, ಎಂದೇ ಕರೆಯುವುದು. ಬರೆಯುವ ಮೊದಲು ಒಂದು ಕ್ಷಣ ತಲೆಯೆತ್ತಿ ನನ್ನ ಕಡೆ ನೋಡಿದರು. "ಬರಾಬರ್ ಅಲ್ವಾ, ಬೆನ್?"

ನಾನು ತಲೆಯಾಡಿಸಿದೆ.

ಅಷ್ಟೇ. ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಆಗ ನಾನು ದಿನಕ್ಕೆ ಹತ್ತು ಸಿಗರೇಟು ಸೇದುತ್ತಿದ್ದೆ. ಹದಿನಾಲ್ಕು ವರ್ಷದಿಂದ ಸೇದುತ್ತಿದ್ದೆ.

ಮುಂದಿನ ಪ್ರಶ್ನೆ ಮನೆಯಲ್ಲಿ ಯಾರಾದರೂ ಕೆಮಿಕಲ್ ಕೆಲಸ ಮಾಡುತ್ತಾರೆಯೇ ಎಂಬುದು. ವೀರೇಶ ತಮ್ಮ ಕೆಲಸ ಹೇಳಿದರು. ಡಾಕ್ಟರ ಪೆನ್ನು ನಿಂತಿತು. ರಿಯಾಕ್ಟಿವ್ ಡೈ ಪುಡಿಯಿಂದ ಕೆಲವರಿಗೆ ಅಸ್ತಮಾ ಬರುತ್ತದೆ, ಕೆಲಸದವರ ಬಟ್ಟೆಯಿಂದ ಮನೆಯವರಿಗೂ ತಗುಲಬಹುದು ಎಂದರು. ಖಚಿತವಾಗಿ ಹೇಳುವುದಿಲ್ಲ, ಆಗಿರಬಹುದು ಎಂದಷ್ಟೇ ಹೇಳಿದರು. ಇನ್‌ಹೇಲರ್ ಬರೆದುಕೊಟ್ಟರು. ವೀರೇಶರ ಕಿವಿಗೆ ಬಿದ್ದದ್ದು ಬೇರೆ. ಸ್ಕೂಟರಿನ ಹತ್ತಿರ ಬಂದಾಗ ಅವರು ಬೀಗದ ಕೈಯನ್ನು ಸ್ಕೂಟರಿಗೆ ಹಾಕದೆ ನಿಂತಿದ್ದರು.

"ನನ್ನಿಂದನ ಆತಲ್ಲ ಸುಧಾ, ನಿಂಗ."

"ಹಂಗೇನಿಲ್ರಿ," ಎಂದೆ. ಅದೊಂದು ಮಾತು ಮಾತ್ರ ನಿಜವಾಗಿತ್ತು. ಅದನ್ನು ಹೇಳಿದ ರೀತಿಯಲ್ಲಿ, ಗಂಡನನ್ನು ಕ್ಷಮಿಸುವ ಹೆಂಡತಿಯ ದನಿ ಇತ್ತು. ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಸಿಗರೇಟು ನನಗೆ ಅಂಟಿದ್ದು ಹೇಗೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಯಾರೋ ಕೆಟ್ಟ ಸಹವಾಸ ಕಲಿಸಿರಬೇಕು ಎಂದು ಅವರ ನಿರೀಕ್ಷೆ. ಅಂಥದ್ದೇನೂ ಇಲ್ಲ. ನಾನು ಕಟ್ಟಡಗಳ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡುವ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿ ಏಳು ಗಂಡಸರು, ನಾನೊಬ್ಬಳು ಹೆಂಗಸು. ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಅವರೆಲ್ಲ ಕೆಳಗಿನ ಕಿಟ್ಲಿಗೆ ಹೋಗುತ್ತಿದ್ದರು. ಇಲ್ಲಿ ರಸ್ತೆ ಬದಿಯ ಚಹಾದಂಗಡಿಗೆ ಹಾಗೆನ್ನುತ್ತಾರೆ. ಪಕ್ಕದಲ್ಲೇ ಪಾನಿನ ಗಲ್ಲಾ, ಅಂದರೆ ಬೀಡಾ ಅಂಗಡಿ. ಚಹಾ, ಸಿಗರೇಟು, ಮಾತು. ವಾಪಸ್ ಬರುವಷ್ಟರಲ್ಲಿ ಯಾವ ಪ್ರಾಜೆಕ್ಟ್ ಯಾರಿಗೆ, ಯಾವ ಸೈಟಿಗೆ ಯಾರು ಎಂಬುದೆಲ್ಲ ನಿರ್ಧಾರವಾಗಿರುತ್ತಿತ್ತು. ನನಗೆ ಗೊತ್ತಾಗುತ್ತಿದ್ದದ್ದು ಎರಡು ದಿನ ಬಿಟ್ಟು. ನಾನೇ ಮಾಡಿದ ಡ್ರಾಯಿಂಗು ಬೇರೆಯವರ ಕೈಗೆ ಹೋದ ಮೇಲೆ ಒಂದು ದಿನ ನಾನೂ ಇಳಿದುಹೋದೆ. ಮೊದಲ ತಿಂಗಳು ಬರೀ ಚಹಾ. ಆಮೇಲೆ ಯಾರೋ ಡಬ್ಬಿ ಚಾಚಿದರು. ತೆಗೆದುಕೊಂಡೆ. ಕೆಮ್ಮಿದೆ. ಎಲ್ಲರೂ ನಕ್ಕರು. ನನಗೆ ಅವಮಾನವಾಗಲಿಲ್ಲ, ಒಳಗೆ ಸೇರಿಸಿಕೊಂಡರು ಅನ್ನಿಸಿತು.

ನಂತರ ಆ ಗಂಡಸರು ಒಬ್ಬೊಬ್ಬರೇ ಕೆಲಸ ಬಿಟ್ಟು ಹೋದರು. ಸಿಗರೇಟು ನನ್ನ ಜೊತೆ ಉಳಿಯಿತು.

ಮುಚ್ಚಿಡುವುದಕ್ಕೆ ಈ ಊರು ಬಹಳ ಅನುಕೂಲ. ಇಲ್ಲಿ ಸ್ಕೂಟರ್ ಓಡಿಸುವ ಹೆಂಗಸರೆಲ್ಲ ಬಿಸಿಲಿಗೆ, ಧೂಳಿಗೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟಿರುತ್ತಾರೆ. ನಾನೂ ಹಾಗೇ ಹೋಗಿ ಗಲ್ಲಾದಲ್ಲಿ ಬಿಡಿಯಾಗಿ ಎರಡು ಕೊಳ್ಳುತ್ತಿದ್ದೆ. ಮನೆಯ ಹತ್ತಿರ ಮ್ಯಾನೇಜ್‌ಮೆಂಟ್ ಕಾಲೇಜಿನ ಹುಡುಗ ಹುಡುಗಿಯರು ನಿಲ್ಲುವ ಒಂದು ಗಲ್ಲಾ ಇತ್ತು. ಅಲ್ಲಿ ಹೆಣ್ಣು ಸೇದಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಂದು ಮೂಲೆಯಲ್ಲಿ ದುಪಟ್ಟಾ ಗದ್ದದವರೆಗೆ ಇಳಿಸಿ ಸೇದಿ, ಸೋಂಪು ಅಗಿದು, ಕೈಗೆ ಸ್ಯಾನಿಟೈಸರ್ ಹಚ್ಚಿ, ಮತ್ತೆ ಮುಖ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದೆ. ದುಪಟ್ಟಾ ಮಾತ್ರ ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದೆ. ಮನೆಯಲ್ಲಿ ಯಾರೂ ಇಲ್ಲದಾಗ ಬಾಲ್ಕನಿಯಲ್ಲೂ ಒಂದು.

ನಮ್ಮತ್ತೆ ಧಾರವಾಡದಿಂದ ಬಂದಾಗ ಹಾಲ್‌ನಲ್ಲೇ ಕೂತು ಎಲೆಗೆ ತಂಬಾಕು ಹಾಕಿಕೊಂಡು ಮೆಲ್ಲುತ್ತಾರೆ. ವೀರೇಶರ ಕಾರ್ಖಾನೆಯವರು ದಿನವಿಡೀ ಅಡಿಕೆ-ತಂಬಾಕಿನ ಮಾವಾ ಉಜ್ಜಿ ಬಾಯಿಗೆ ಹಾಕುತ್ತಾರೆ. ಯಾರೂ ಅದನ್ನು ಮುಚ್ಚಿಡುವುದಿಲ್ಲ. ಇದನ್ನು ನಾನು ಸಮರ್ಥನೆಗೆಂದು ಹೇಳುತ್ತಿಲ್ಲ. ಒಂದು ಕಾಲಕ್ಕೆ ಮನಸ್ಸಿನಲ್ಲಿ ಈ ವಾದ ಹೂಡುತ್ತಿದ್ದೆ, ಚೆನ್ನಾಗಿಯೇ ಹೂಡುತ್ತಿದ್ದೆ. ಆದರೆ ಜಗತ್ತು ನನಗೆ ಅನ್ಯಾಯ ಮಾಡಿದೆ ಎಂಬ ಕಾರಣಕ್ಕೆ ನಾನು ವೀರೇಶರಿಗೆ ಮಾಡಿದ ಅನ್ಯಾಯ ಕಡಿಮೆಯಾಗುವುದಿಲ್ಲ.

ಅವರು ಏನೇನು ಮಾಡಿದರು ಎಂದು ಹೇಳುತ್ತೇನೆ.

ಮರುದಿನದಿಂದಲೇ ಕಾರ್ಖಾನೆಯಲ್ಲಿ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರತೊಡಗಿದರು. ಕೆಲಸದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹೊರಗಿಡುತ್ತಿದ್ದರು, ಭಾನುವಾರ ತಾವೇ ಒಗೆಯುತ್ತಿದ್ದರು. ನನಗೆ ಮುಟ್ಟಗೊಡಲಿಲ್ಲ. ಮನೆಗೆ ಬಂದ ಮೇಲೆ ಇನ್ನೊಂದು ಸ್ನಾನ. ಉಗುರನ್ನು ಬ್ರಷ್ ಹಾಕಿ ತಿಕ್ಕಿ ತಿಕ್ಕಿ ಚರ್ಮ ಸುಲಿದಿತ್ತು. ನನ್ನ ಕೆಮ್ಮು ಮಾತ್ರ ಇದ್ದಲ್ಲೇ ಇತ್ತು. ಇನ್‌ಹೇಲರಿನ ಡೋಸು ಹೆಚ್ಚಾಯಿತು. ಅವರು ಹಾಲ್‌ನಲ್ಲಿ ಮಲಗತೊಡಗಿದರು. "ಕೂದಲದಾಗ ಕುಂತಿರತೈತಿ ಆ ಪುಡಿ, ಹೋಗೂದಿಲ್ಲ," ಎನ್ನುತ್ತಿದ್ದರು. ಒಂದು ದಿನ ತಲೆ ನುಣ್ಣಗೆ ಬೋಳಿಸಿಕೊಂಡು ಬಂದರು. ನೇಹಾ ಅಪ್ಪನನ್ನು ನೋಡಿ, ನಂತರ ನನ್ನನ್ನು ನೋಡಿ, ತನ್ನ ಕೋಣೆಗೆ ಹೋದಳು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಮೂರು ತಿಂಗಳ ನಂತರ ಅವರು ಕಂಪನಿಯನ್ನು ಕೇಳಿಕೊಂಡು ಪ್ಲಾಂಟ್ ಕೆಲಸವನ್ನೇ ಬಿಟ್ಟರು. ಸೂರತ್‌ನಲ್ಲಿ ಕಂಪನಿಯ ಸೇಲ್ಸ್ ಆಫೀಸಿತ್ತು. ಪುಡಿಯ ಡಬ್ಬಿಗಳು ಬೇರೆ ಕಡೆಯ ಗೋಡೌನಿನಲ್ಲಿ, ಇವರದು ಟೇಬಲ್ಲು, ಫೋನು, ಬಿಲ್ಲು. ಇಪ್ಪತ್ತು ವರ್ಷ ಪ್ಲಾಂಟಿನಲ್ಲಿ ಬೆಳೆದು ಬಂದ ಮನುಷ್ಯ. ಮುಂದಿನ ವರ್ಷ ಮ್ಯಾನೇಜರ್ ಆಗುವವರಿದ್ದರು. ಸೂರತ್‌ನಲ್ಲಿ ಒಂದು ರೂಮು ಹಿಡಿದು, ಶನಿವಾರ ಸಂಜೆಯ ಟ್ರೈನಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುವ ಏರ್ಪಾಡು. ನೇಹಾಳ ಹತ್ತನೆಯ ತರಗತಿಯ ವರ್ಷ ಅದು. ಗಣಿತವನ್ನು ಅಪ್ಪನೇ ಹೇಳಿಕೊಡುತ್ತಿದ್ದದ್ದು.

ಹೊರಟ ದಿನ ಬಾಗಿಲಲ್ಲಿ ನಿಂತು ಹೇಳಿದರು, "ಇನ್ನ ಮನ್ಯಾಗ ಪುಡಿ ಇರೂದಿಲ್ಲ. ಆರಾಮ ಆಗ್ತಿ ನೋಡು."

ಆಗ ಹೇಳಬಹುದಿತ್ತು. ಬ್ಯಾಗು ನೆಲದ ಮೇಲಿತ್ತು, ಆಟೋ ಇನ್ನೂ ಬಂದಿರಲಿಲ್ಲ, ನನ್ನ ಬಾಯಿ ನನ್ನ ಬಳಿಯೇ ಇತ್ತು. "ಊಟದ ಡಬ್ಬಿ ಮರೀಬ್ಯಾಡ್ರಿ," ಎಂದೆ.

ಅವರು ಹೋದ ಮೇಲೆ ನಾನು ಹೆಚ್ಚು ಸೇದಿದೆ. ಈ ಸಾಲು ಬರೆಯಲು ನನಗೆ ಎರಡು ದಿನ ಬೇಕಾಯಿತು. ಹಾಲ್‌ನಲ್ಲಿ ಅವರ ಹಾಸಿಗೆ ಮಡಚಿಟ್ಟದ್ದು ದಿನಾ ಕಣ್ಣಿಗೆ ಬೀಳುತ್ತಿತ್ತು. ಅದನ್ನು ನೋಡಲಾಗದೆ ಬಾಲ್ಕನಿಗೆ ಹೋಗಿ ಒಂದು ಹಚ್ಚುತ್ತಿದ್ದೆ. ಹಚ್ಚಿದ್ದಕ್ಕೆ ನಾಚಿಕೆಯಾಗಿ ಇನ್ನೊಂದು. ನೇಹಾ ಟ್ಯೂಶನ್ನಿಗೆ ಹೋದ ಸಮಯವನ್ನು ಕಾಯುತ್ತಿದ್ದೆ. ಸೂರತ್‌ನಿಂದ ಫೋನ್ ಬಂದಾಗ, "ಈ ವಾರ ಕೆಮ್ಮು ಹೆಂಗೈತಿ?" ಎಂದು ಅವರು ಕೇಳಿದರೆ, "ಕಡಿಮಿ ಆಗೇತ್ರಿ," ಎನ್ನುತ್ತಿದ್ದೆ. ಆ ಕಡೆಯಿಂದ ಅವರು ಉಸಿರು ಬಿಡುವುದು ಕೇಳಿಸುತ್ತಿತ್ತು.

ಎಂಟು ತಿಂಗಳು ಹೀಗೆ ಕಳೆಯಿತು.

ಆ ದಿನ ಭಾನುವಾರವಲ್ಲ, ಯಾವುದೋ ಹಬ್ಬದ ರಜೆ. ವೀರೇಶರಿಗೆ ರಜೆ ಸಿಕ್ಕಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಹಾಲು ತರುತ್ತೇನೆಂದು ಹೇಳಿ ಆ ಗಲ್ಲಾಗೆ ಹೋದೆ. ಒಂದು ಹಚ್ಚಿದೆ. ಎರಡನೆಯ ಬಾರಿ ಎಳೆದಾಗ ಕೆಮ್ಮು ಬಂತು. ಕೆಮ್ಮಿದೆ. ಬಲ ಎದೆಯೊಳಗೆ ಚೂರಿ ಹಾಕಿದ ಹಾಗಾಯಿತು.

ಉಸಿರು ಇಲ್ಲ.

ಎಳೆದುಕೊಳ್ಳುತ್ತಿದ್ದೇನೆ, ಬರುತ್ತಿಲ್ಲ. ಕೂತೆನೋ ಬಿದ್ದೆನೋ ಗೊತ್ತಿಲ್ಲ. ಗಲ್ಲಾದ ಕಾಕಾ, ಅರವತ್ತು ದಾಟಿದವರು, ಅಂಗಡಿ ಬಿಟ್ಟು ಓಡಿಬಂದರು. ನಾಲ್ಕು ವರ್ಷದಿಂದ, ಕೊಳ್ಳುವಾಗ ನನ್ನ ಕಣ್ಣಷ್ಟೇ ನೋಡಿದ್ದ ಮನುಷ್ಯ. ಗದ್ದದ ಕೆಳಗೆ ಸುತ್ತಿದ್ದ ದುಪಟ್ಟಾವನ್ನು ಅವರೇ ಬಿಚ್ಚಿದರು. "ಬೆನ್, ಫೋನ್ ಎಲ್ಲಿದೆ? ಯಾರಿಗೆ ಮಾಡಲಿ?" ನನ್ನ ಬೆರಳು ತಾಗಿಸಿ ಫೋನ್ ತೆರೆದರು. ಕೊನೆಯ ಕರೆ ನೇಹಾಳದು. ಅವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದಳು. ಕಾಕಾ ನಮ್ಮಿಬ್ಬರನ್ನೂ ಆಟೋಗೆ ಹತ್ತಿಸಿದರು.

ಕ್ಯಾಶುಯಲ್ಟಿಯಲ್ಲಿ ಇದ್ದದ್ದು ಯುವ ಲೇಡಿ ಡಾಕ್ಟರ್. ಆಕ್ಸಿಜನ್ ಹಾಕಿ, ಎದೆಗೆ ಸ್ಟೆಥೊಸ್ಕೋಪ್ ಇಟ್ಟು, ಪೋರ್ಟಬಲ್ ಎಕ್ಸ್-ರೇ ತರಲು ಹೇಳುತ್ತಲೇ ನೇಹಾಳನ್ನು ಕೇಳಿದರು. ಅಸ್ತಮಾ ಇದೆಯೇ? ಯಾವ ಮದ್ದು? ನೇಹಾ ಇನ್‌ಹೇಲರಿನ ಹೆಸರು ಹೇಳಿದಳು. ಆಮೇಲೆ ಡಾಕ್ಟರ್ ಕೇಳದೇ ಇದ್ದದ್ದನ್ನು ಹೇಳಿದಳು.

"ಡಾಕ್ಟರ್, ಶಿ ಸ್ಮೋಕ್ಸ್. ಡೈಲಿ."

ಮಾಸ್ಕಿನೊಳಗಿಂದ ನಾನು ಅವಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಬಲಗಡೆಯ ಶ್ವಾಸಕೋಶ ಗಾಳಿ ಹೋದ ಬಲೂನಿನ ಹಾಗೆ ಕುಗ್ಗಿತ್ತು. ನ್ಯೂಮೊಥೊರಾಕ್ಸ್ ಎಂದರು. ಪಕ್ಕೆಲುಬುಗಳ ನಡುವೆ ರಂಧ್ರ ಮಾಡಿ ಟ್ಯೂಬ್ ಹಾಕಿದರು. ಅದರ ಇನ್ನೊಂದು ತುದಿ ಮಂಚದ ಕೆಳಗೆ ನೀರು ತುಂಬಿದ ಬಾಟಲಿಯಲ್ಲಿ. ಕೆಮ್ಮಿದಾಗಲೆಲ್ಲ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು. ಸಿಟಿ ಸ್ಕ್ಯಾನ್ ಆಯಿತು. ಶ್ವಾಸಕೋಶದ ಮೇಲ್ಭಾಗದಲ್ಲಿ ಗಾಳಿ ತುಂಬಿದ ದೊಡ್ಡ ದೊಡ್ಡ ಗುಳ್ಳೆಗಳಾಗಿದ್ದವು, ಅದರಲ್ಲೊಂದು ಒಡೆದಿತ್ತು. ಎಂಫಿಸೀಮಾ. ಹಾಳಾದ ಭಾಗ ಮತ್ತೆ ಸರಿಹೋಗುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೇ.

ವಾರ್ಡಿಗೆ ಹಾಕಿದ ಮೇಲೆ ನೇಹಾ ಸ್ಟೂಲಿನ ಮೇಲೆ ಕೂತಳು. ಹದಿನಾರು ವರ್ಷದ ಹುಡುಗಿ. ನರ್ಸ್ ಕೊಟ್ಟ ಆಸ್ಪತ್ರೆಯ ಚಪ್ಪಲಿ ಹಾಕಿಕೊಂಡಿದ್ದಳು.

"ಯಾವಾಗಿಂದ ಗೊತ್ತು?" ಎಂದೆ. ಒಂದೊಂದು ಮಾತಿಗೂ ಟ್ಯೂಬ್ ಇದ್ದ ಜಾಗ ಚುಚ್ಚುತ್ತಿತ್ತು.

"ಎಯ್ತ್‌ನಿಂದ. ಬಾಲ್ಕನಿ ಕುಂಡದಲ್ಲಿ ಸಿಗರೇಟ್ ಪೀಸ್ ನೋಡಿದೆ."

"ಪಪ್ಪಾಗೆ..."

"ನಾನು ಹೇಳಿಲ್ಲ." ಅವಳ ಕನ್ನಡ ಯಾವಾಗಲೂ ತಡವರಿಸುತ್ತದೆ. ಆ ದಿನ ಒಂದೊಂದೇ ಶಬ್ದ ಹುಡುಕಿ ಹೇಳಿದಳು. "ಪಪ್ಪಾ ಸೂರತ್‌ಗೆ ಹೋಗೋವಾಗ ನೀನು ಹೇಳ್ತೀಯ ಅನ್ಕೊಂಡೆ. ಪಪ್ಪಾ ತಲೆ ಬಾಲ್ ತೆಗೆಸಿದಾಗ ಕೂಡ ಅನ್ಕೊಂಡೆ. ನೀನು ಹೇಳ್ಲಿಲ್ಲ. ಮೈ ಕ್ಯಾ ಕರ್ತೀ, ನಾನು ಏನು ಮಾಡ್ಬೇಕಿತ್ತು, ಅಮ್ಮಾ?"

ನಾನು ಗೋಡೆಯ ಕಡೆ ತಿರುಗಲು ನೋಡಿದೆ. ಟ್ಯೂಬ್ ಇದ್ದುದರಿಂದ ತಿರುಗಲೂ ಆಗಲಿಲ್ಲ. ನನ್ನ ಸುಳ್ಳನ್ನು ಗಂಡನ ತಲೆಗೆ ಕಟ್ಟಿದೆ ಎಂದಷ್ಟೇ ತಿಳಿದಿದ್ದೆ. ಅದರ ಇನ್ನೊಂದು ತುದಿಯನ್ನು ಈ ಮಗು ಇಷ್ಟು ದಿನ ಒಬ್ಬಳೇ ಹಿಡಿದುಕೊಂಡು ನಿಂತಿದ್ದಳು.

ವೀರೇಶರಿಗೆ ಅವಳೇ ಫೋನ್ ಮಾಡಿದ್ದಳು. ಸಿಕ್ಕ ಟ್ರೈನ್ ಹತ್ತಿದ್ದರು. ವಡೋದರಾ ದಾಟಿದೆ ಎಂದು ಮೆಸೇಜ್ ಬಂತು, ಆಮೇಲೆ ಆಣಂದ್ ದಾಟಿದೆ ಎಂದು. ಊರಿನ ಹೆಸರು ಒಂದೊಂದು ಬಂದಾಗಲೂ ಇನ್ನು ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುತ್ತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಬಂದರು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಮಂಚದ ಹತ್ತಿರ ಬರಲಿಲ್ಲ. ಎರಡು ಹೆಜ್ಜೆ ದೂರದಲ್ಲೇ ನಿಂತರು. ಯಾಕೆಂದು ನನಗೆ ಗೊತ್ತಿತ್ತು.

ಅದೇ ಹೊತ್ತಿಗೆ ಆ ಲೇಡಿ ಡಾಕ್ಟರ್ ರೌಂಡಿಗೆ ಬಂದರು. ವೀರೇಶ ಅವರೆದುರು ಕೈಮುಗಿದರು. "ಮೇಡಂ, ನಾನು ಡೈ ಫ್ಯಾಕ್ಟರಿಯಲ್ಲಿದ್ದೆ. ಇಪ್ಪತ್ತು ವರ್ಷ ಆ ಪುಡಿಯನ್ನು ಮನೆಗೆ ಹೊತ್ತು ತಂದೆ. ಬಿಟ್ಟು ಎಂಟು ತಿಂಗಳಾಯಿತು. ನಾನು ಬಿಟ್ಟದ್ದು ತಡವಾಯಿತಾ?"

ಡಾಕ್ಟರ್ ನನ್ನ ಮುಖ ನೋಡಿದರು. ನೇಹಾಳ ಮುಖ ನೋಡಿದರು. "ರಿಪೋರ್ಟ್ ಬಗ್ಗೆ ನಾಳೆ ಮಾತಾಡೋಣ," ಎಂದು ಹೇಳಿ ಬಾಟಲಿಯ ಗುಳ್ಳೆ ನೋಡಿ ಹೋದರು. ಹೋಗುವಾಗ ನನ್ನ ಕಾಲನ್ನು ಹೊದಿಕೆಯ ಮೇಲಿಂದಲೇ ಒಮ್ಮೆ ಒತ್ತಿದರು. ನೇಹಾ ನೀರು ತರುತ್ತೇನೆಂದು ಎದ್ದಳು. ನೀರಿನ ಬಾಟಲಿ ಪಕ್ಕದಲ್ಲೇ ತುಂಬಿತ್ತು.

"ಹತ್ರ ಬರ್ರಿ," ಎಂದೆ.

"ಬ್ಯಾಡ. ಆಫೀಸಿನ ಬಟ್ಟಿ ಐತಿ."

"ನಿಮ್ಮ ಪುಡಿಯಿಂದ ಆಗಿಲ್ರಿ. ನಾ ಸಿಗರೇಟ್ ಸೇದ್ತೀನಿ."

ಅವರು ನಕ್ಕರು. ನಿಜವಾಗಿಯೂ ನಕ್ಕರು, ಮದ್ದಿನ ಅಮಲಿನಲ್ಲಿ ಏನೋ ಹೇಳುತ್ತಿದ್ದೇನೆ ಎಂದುಕೊಂಡು. ಮತ್ತೆ ಹೇಳಬೇಕಾಯಿತು. ಎಷ್ಟು ವರ್ಷ ಎಂದು ಹೇಳಿದೆ. ದಿನಕ್ಕೆ ಐದು ಎಂದೆ. ಅವರು ನನ್ನ ಬೆರಳು ನೋಡಿದರು. ಹತ್ತು ಎಂದೆ. ನೀವು ಸೂರತ್‌ಗೆ ಹೋದ ಮೇಲೆ ಹದಿನೈದು ಎಂದೆ.

ಅವರು ಸ್ಟೂಲಿನ ಮೇಲೆ ಕೂತರು. ತಮ್ಮ ಅಂಗೈ ನೋಡಿಕೊಂಡರು. ಅದರಲ್ಲಿ ಈಗ ಯಾವ ಬಣ್ಣವೂ ಇರಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಹೆಣ್ಣುಮಗಳಾಗಿ ಹೀಗಾ ಎನ್ನುತ್ತಾರೆ ಎಂದುಕೊಂಡು ಅದಕ್ಕೆ ಉತ್ತರವನ್ನೂ ಹೊಂದಿಸಿಕೊಂಡಿದ್ದೆ.

"ಸೇದಿದ್ದು ಬಿಡು," ಎಂದರು. "ನಾ ಅಲ್ಲಿ ಒಬ್ಬನ ಕುಂತು ಉಣ್ಣಾಗ ದಿನಾ ಅನಕೊಂತಿದ್ದೆ, ನನ್ನ ಕೈಯಾರೆ ನಿನ್ನ ಕೊಂದ್ನಲ್ಲ ಅಂತ. ದಿನಾ, ಸುಧಾ. ನೀ ಫೋನ್‌ದಾಗ ಕೆಮ್ಮಿದ್ರ ಆ ದಿನ ನಂಗ ಊಟ ಸೇರ್ತಿರಲಿಲ್ಲ. ನಿಂಗ ಒಂದ್ಸಲನೂ ಹೇಳಬೇಕ ಅನ್ನಿಸಲಿಲ್ಲೇನು?"

ನಾನು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡೆ.

ಅವರು ಎದ್ದು ಹೊರಗೆ ಹೋದರು. ಒಂದು ಗಂಟೆ ಬರಲಿಲ್ಲ. ಬಂದಾಗ ಕೈಯಲ್ಲಿ ನೇಹಾಳಿಗೆ ಹೊಸ ಚಪ್ಪಲಿ ಇತ್ತು, ನನಗೆ ಎಳನೀರು. ಸ್ಟ್ರಾ ಬಾಯಿಗೆ ಹಿಡಿದರು. ಎಂಟು ತಿಂಗಳಲ್ಲಿ ಮೊದಲ ಸಲ ಅವರು ನನಗೆ ಅಷ್ಟು ಹತ್ತಿರ ನಿಂತದ್ದು. ಅದನ್ನು ಸುಖ ಎಂದುಕೊಳ್ಳುವ ಮುಖ ನನಗಿರಲಿಲ್ಲ. ಎಳನೀರು ಕುಡಿದೆ.

ಆರನೆಯ ದಿನ ಟ್ಯೂಬ್ ತೆಗೆದರು. ಹತ್ತನೆಯ ದಿನ ಮನೆಗೆ ಬಂದೆ. ಡಾಕ್ಟರ್ ನಿಕೋಟಿನ್ ಗಮ್ ಬರೆದುಕೊಟ್ಟಿದ್ದರು, ವಾರಕ್ಕೊಮ್ಮೆ ಕೌನ್ಸೆಲಿಂಗ್. ಮೊದಲ ಹದಿನೈದು ದಿನ ನಿದ್ದೆ ಬರಲಿಲ್ಲ, ಹೊಟ್ಟೆ ಕೆಟ್ಟಿತು, ಸಣ್ಣ ಮಾತಿಗೆಲ್ಲ ನೇಹಾಳ ಮೇಲೆ ಹರಿಹಾಯ್ದೆ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಎದುರಿಗೆ ಕೂತು ಓದಿಕೊಂಡಳು. ಹಳೆಯ ಡಾಕ್ಟರ ಬಳಿಗೂ ಹೋಗಿ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಾನೂ ಸರಿಯಾಗಿ ಕೇಳಲಿಲ್ಲ, ಬೆನ್," ಎಂದರು. ಅವರ ಒಳ್ಳೆಯತನ. ಆದರೆ ಅವರು ಕೇಳಿದ್ದರು, ತಲೆಯಾಡಿಸಿದ್ದು ನಾನು.

ವೀರೇಶರ ಹಳೆಯ ಹುದ್ದೆಗೆ ಬೇರೆಯವರು ಬಂದಾಗಿದೆ. ವಟ್ವಾಕ್ಕೆ ವಾಪಸ್ ಬರಲು ಅರ್ಜಿ ಹಾಕಿದ್ದಾರೆ, ಉತ್ತರ ಬಂದಿಲ್ಲ. ಈಗಲೂ ಶನಿವಾರದ ಟ್ರೈನು. ಈಗ ಕೋಣೆಯಲ್ಲೇ ಮಲಗುತ್ತಾರೆ. ನೇಹಾಳಿಗೆ ಭಾನುವಾರ ಗಣಿತ ಹೇಳಿಕೊಡುತ್ತಾರೆ. ನನ್ನ ಜೊತೆ ಮಾತು ಬೇಕಾದಷ್ಟೇ. ನಾನು ಹೆಚ್ಚು ಕೇಳುವುದಿಲ್ಲ.

ಎರಡು ತಿಂಗಳು ಸೇದದೆ ಇದ್ದೆ. ಕಳೆದ ತಿಂಗಳು ಆಫೀಸಿನಲ್ಲಿ ಒಂದು ಡ್ರಾಯಿಂಗಿನ ತಪ್ಪಿಗೆ ಎಲ್ಲರೆದುರು ಮಾತು ಕೇಳಬೇಕಾಯಿತು. ಮಧ್ಯಾಹ್ನ ಕೆಳಗಿಳಿದು ಹೋಗಿ ಒಂದು ಕೊಂಡು ಸೇದಿದೆ. ಪೂರ್ತಿ ಸೇದಿದೆ. ಆರಿಸಿದ ಕೂಡಲೇ ಸೋಂಪಿಗಾಗಿ ಪರ್ಸಿನೊಳಗೆ ಕೈ ಹೋಯಿತು. ಕೈ ಹೊರಗೆಳೆದು, ಅಲ್ಲೇ ರಸ್ತೆಯಲ್ಲಿ ನಿಂತು ಸೂರತ್‌ಗೆ ಫೋನ್ ಮಾಡಿದೆ.

"ಈಗ ಒಂದು ಸೇದಿದೆ ರೀ. ಯಾರೂ ನೋಡಿಲ್ಲ. ಆದ್ರೂ ಹೇಳಬೇಕ ಅನ್ನಿಸ್ತು."

ಆ ಕಡೆ ಯಾರೋ ಬಿಲ್ ನಂಬರು ಓದುತ್ತಿದ್ದುದು ಕೇಳಿಸಿತು. ಅವರು ತಡೆದು ಹೇಳಿದರು, "ಊಟ ಆತೇನು?"

"ಇಲ್ಲ."

"ಮದಲ ಉಣ್ಣು. ನಾಳೆ ಈ ಹೊತ್ತಿಗೆ ಫೋನ್ ಮಾಡ್ತೀನಿ. ಸೇದಿದ್ರ ಸೇದೀನಿ ಅನ್ನು."

ಮರುದಿನ ಅದೇ ಹೊತ್ತಿಗೆ ಫೋನ್ ಬಂತು. "ಇಲ್ರಿ, ಸೇದಿಲ್ಲ," ಎಂದೆ. "ಹೂಂ," ಎಂದು ಇಟ್ಟರು. ಅಂದಿನಿಂದ ದಿನಾ ಮಾಡುತ್ತಾರೆ, ಒಂದು ನಿಮಿಷವೂ ಆಗುವುದಿಲ್ಲ. ನನ್ನ ಮಾತನ್ನು ಅವರು ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ನಂಬಿ ಎಂದು ಕೇಳುವ ಹಕ್ಕು ನನಗಿನ್ನೂ ಬಂದಿಲ್ಲ. ನಾನು ನಿಜ ಹೇಳುತ್ತೇನೆ, ಅವರು ಹೂಂ ಎನ್ನುತ್ತಾರೆ. ಸದ್ಯಕ್ಕೆ ನಮ್ಮಿಬ್ಬರ ನಡುವೆ ಇರುವುದು ಇಷ್ಟು, ಇಷ್ಟಾದರೂ ಇದೆ.